ದೇವರನಾಮ ನುಂಗಿದ ಹಾಡು

ಹಾಡು ಅಂದರೆ ಮೂರು ನಿಮಿಷ ಎಂದೇ ನಾನು ಕಾಲೇಜಿಗೆ ಬರುವವರೆಗೂ ನಂಬಿದ್ದೆ. ಲಕ್ಕೂರಿನ ನಮ್ಮ ಮನೆಯಲ್ಲಿ ಅಮ್ಮ ಮುದ್ದೆ ತಿರುವಿ ಇಳಿಸುವಷ್ಟರಲ್ಲಿ ರೇಡಿಯೋದಲ್ಲಿ ಎರಡು ಹಾಡು ಬಂದು ಹೋಗುತ್ತಿದ್ದವು. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದಾಗ ಒಂದು ರಜೆಯಲ್ಲಿ ಚಿನ್ನದ ಗಣಿಯ ಊರಿನಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದೆ. ಪಕ್ಕದ ಮನೆಯಿಂದ ಒಂದು ಇಂಗ್ಲಿಷ್ ಹಾಡು ಶುರುವಾಯಿತು. ಅಕ್ಕ ಅಕ್ಕಿ ತೊಳೆದು ಒಲೆಗಿಟ್ಟಳು, ಅದು ಕುದಿಯಿತು, ಹಾಡು ಮಾತ್ರ ಮುಗಿಯುವ ಲಕ್ಷಣವೇ ಇರಲಿಲ್ಲ. ಹಾಡುವವನು ನಾಲ್ಕು ಸಾಲು ಹಾಡಿ ಎಲ್ಲೋ ಎದ್ದು ಹೋದ. ಅವನಿಲ್ಲದೆಯೇ ಕೊಳಲು, ಗಿಟಾರು, ಚರ್ಚಿನಲ್ಲಿ ಬಾರಿಸುತ್ತಾರಲ್ಲ ಅಂಥ ದೊಡ್ಡ ಹಾರ್ಮೋನಿಯಮ್ಮು ತಮ್ಮ ಪಾಡಿಗೆ ತಾವು ಮುಂದುವರಿದವು. ಇದೇನು ಹಾಡೋ, ಜಗಳವೋ, ಪೂಜೆಯೋ ಎಂದು ನಾನು ಬಾಯಿ ಬಿಟ್ಟುಕೊಂಡು ಗೋಡೆಗೆ ಆತು ನಿಂತೆ. ಅಷ್ಟರಲ್ಲಿ ನಲ್ಲಿಯಲ್ಲಿ ನೀರು ಬಂತೆಂದು ಅಕ್ಕ ಬಿಂದಿಗೆ ಕೊಟ್ಟು ಓಡಿಸಿದಳು. ವಾಪಸು ಬಂದಾಗ ಹಾಡು ನಿಂತುಹೋಗಿತ್ತು.

ಪಕ್ಕದವರು ಆಂಗ್ಲೋ ಇಂಡಿಯನ್ನರು, ಆಸ್ಟ್ರೇಲಿಯಾಕ್ಕೆ ಹೊರಟಿದ್ದವರು. ಮನೆ ತುಂಬ ಪೆಟ್ಟಿಗೆಗಳು. ನಾಚಿಕೆ ಬಿಟ್ಟು ಆ ಮನೆಯ ಅಜ್ಜಿಯನ್ನು ಕೇಳಿದೆ. ಅವರು ನಕ್ಕು, ಎರಡು ದಿನದ ಮಟ್ಟಿಗೆ ಆ ಗ್ರಾಮಫೋನ್ ಪ್ಲೇಟನ್ನು ಕೈಗಿಟ್ಟರು. ಅದರ ಒಂದು ಬದಿಯ ತುಂಬ ಇದ್ದದ್ದು ಅದೊಂದೇ ಹಾಡು.

ನನ್ನ ಹತ್ತಿರ ಪ್ಲೇಯರೂ ಇರಲಿಲ್ಲ, ಟೇಪೂ ಇರಲಿಲ್ಲ. ಬೆಳಗ್ಗೆ ಪ್ಲೇಟನ್ನು ಎದೆಗವಚಿಕೊಂಡು ಬಸ್ಸಿನಲ್ಲಿ ಕೋಲಾರಕ್ಕೆ ಬಂದು, ಕ್ಯಾಸೆಟ್ ತುಂಬಿಸಿಕೊಡುವ ಅಂಗಡಿಯವನಿಗೆ ಕೊಟ್ಟೆ. ಸಂಜೆ ಪ್ಲೇಟು, ಕ್ಯಾಸೆಟ್ಟು ಎರಡನ್ನೂ ತೆಗೆದುಕೊಂಡೆ. ಮಾರನೆಯ ದಿನ ಪ್ಲೇಟನ್ನು ಹಿಂದಿರುಗಿಸಿದೆ. ಆ ವಾರವೇ ಆ ಮನೆಗೆ ಬೀಗ ಬಿತ್ತು.

ಕೋಲಾರದಲ್ಲಿ ಕಾಲೇಜು ತೆರೆದ ಮೇಲೆ ಹಾಸ್ಟೆಲಿನಲ್ಲಿ ನನ್ನ ರೂಮಿನ ಪಕ್ಕದ ರೂಮಿಗೆ ಗೌನಿಪಲ್ಲಿಯ ಹುಡುಗನೊಬ್ಬ ಬಂದ. ಮಾವಿನ ತೋಪಿನವರ ಮಗ. ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ. ಅವನ ಹತ್ತಿರ ಟೇಪ್ ರೆಕಾರ್ಡರ್ ಇದೆ ಎಂದು ತಿಳಿದದ್ದೇ ತಡ, ಪರಿಚಯವನ್ನೂ ಹೇಳಿಕೊಳ್ಳದೆ ಕ್ಯಾಸೆಟ್ ಹಿಡಿದು ಅವನ ಬಾಗಿಲು ತಟ್ಟಿದೆ.

ಇಬ್ಬರೂ ಚಾಪೆಯ ಮೇಲೆ ಕೂತು ಕೇಳಿದೆವು. ಅವನು ಮೊದಲು ಹಲ್ಲು ಕಿರಿದ, ಆಮೇಲೆ ಬೆರಳಿನಲ್ಲಿ ತಾಳ ಎಣಿಸತೊಡಗಿದ. "ಏಳು ಎಣಿಕೆ ಕಣೋ! ಇದು ಏಳರಲ್ಲಿ ಓಡ್ತೈತೆ" ಅಂದ. ಹಾಡು ಏರಿ ಏರಿ, ಒಂದು ಕಡೆ ಎಲ್ಲ ವಾದ್ಯಗಳೂ ಒಟ್ಟಿಗೆ ನಿಂತವು. ಒಂದೇ ಒಂದು ಸಣ್ಣ ಸ್ವರ ಮಾತ್ರ ಉಳಿಯಿತು, ಕಿವಿ ಹತ್ತಿರ ಇಟ್ಟರೆ ಕೇಳುವಷ್ಟು ಸಣ್ಣದು. ಈಗೇನೋ ಆಗುತ್ತದೆ ಎಂದು ನಾವಿಬ್ಬರೂ ಮುಂದಕ್ಕೆ ಬಾಗಿದೆವು. ಝಲ್ಲೆಂದು ತಾಳ ಬಿತ್ತು, ಹತ್ತು ಹದಿನೈದು ಗಂಡಸರು ದೇವರನಾಮ ಶುರು ಮಾಡಿದರು.

ಇದೂ ಹಾಡಿನ ಭಾಗವೇ ಇರಬೇಕೆಂದು ಒಂದು ನಿಮಿಷ ಗಂಭೀರವಾಗಿ ಕೇಳಿದ್ದೂ ಉಂಟು. ಸಂಜೆ ಅಂಗಡಿಗೆ ಹೋಗಿ ಜಗಳಕ್ಕೆ ನಿಂತೆ. ಅಂಗಡಿಯವನು ತುಂಬಾ ಶಾಂತ ಮನುಷ್ಯ. "ಪ್ಲೇಟು ಮುಗ್ದೋಯ್ತಲ್ಲ ಸಾರ್? ಅವ್ನು ಹಾಡೋದು ನಿಲ್ಸಿ ಎಷ್ಟೋ ಹೊತ್ತಾಗಿತ್ತು. ಆಮೇಲೆ ಬಾರ್ಸೋದೂ ನಿಂತೋಯ್ತು. ಉಳಿದ ಟೇಪು ಖಾಲಿ ಯಾಕೆ ಹೋಗ್ಬೇಕು ಅಂತ ನಾನೇ ದೇವರನಾಮ ಹಾಕ್ಕೊಟ್ಟೆ" ಅಂದ. ಉಪಕಾರ ಮಾಡಿದವನ ಮುಖ ಹೊತ್ತು ನಿಂತವನನ್ನು ಬೈಯುವುದಾದರೂ ಹೇಗೆ? ಖಾಲಿ ಜಾಗ ಕಂಡರೆ ನಮ್ಮ ಕಡೆಯವರಿಗೆ ತಡೆಯುವುದಿಲ್ಲ. ಬದುವಿನ ಮೇಲೂ ನಾಲ್ಕು ಅವರೆ ಬೀಜ ಚುಚ್ಚುವ ಜನ.

ಹೀಗೆ ನಾನು ಕೊನೆಯಿಲ್ಲದ ಹಾಡಿನ ಭಕ್ತನಾದೆ. ಆ ಸಣ್ಣ ಸ್ವರದ ಮುಂದೆ ಏನಿದೆ? ಊಟ ಮಾಡುವಾಗ, ಸ್ನಾನ ಮಾಡುವಾಗ, ಅರ್ಥಶಾಸ್ತ್ರದ ಪಾಠ ನಡೆಯುವಾಗ ಅದೇ ಯೋಚನೆ. ಮತ್ತೆ ಹಾಡುತ್ತಾನೋ? ಸತ್ತು ಹೋಗುತ್ತದೋ? ಬೆಂಗಳೂರಿನ ಅಂಗಡಿಗಳಲ್ಲಿ ಆ ಹಾಡಿನ ತಂಡದವರ ಹೊಸ ಪ್ಲೇಟುಗಳು ಅಪರೂಪಕ್ಕೆ ಸಿಗುತ್ತಿದ್ದವು, ಈ ಹಳೆಯದು ಮಾತ್ರ ಇಲ್ಲ.

ದಸರಾ ರಜೆಗೆ ಗೆಳೆಯ ಬೆಂಗಳೂರಿನ ನೆಂಟರ ಮನೆಗೆ ಹೋಗಿದ್ದ. ಬಂದವನೇ ಚೀಲ ಕೆಳಗಿಡದೆ ಹೇಳಿದ:

"ಕೇಳ್ದೆ ಕಣೋ. ಪೂರ್ತಿ ಕೇಳ್ದೆ."

ನೆಂಟರ ಪಕ್ಕದ ಮನೆಯವರ ಹತ್ತಿರ ಆ ಪ್ಲೇಟು ಇತ್ತಂತೆ. ನನ್ನನ್ನೂ ಕರೆದುಕೊಂಡು ಹೋಗು ಅಂದೆ. ಅವರಿಗೆ ದಿಲ್ಲಿಗೆ ವರ್ಗವಾಯಿತಂತೆ. ನನ್ನ ಹಣೆಬರಹ ಎಂದುಕೊಂಡು, ಬಾಯಲ್ಲಾದರೂ ಹೇಳು ಎಂದು ಪೀಡಿಸಿದೆ.

ಅವನು ಹೇಳಿದ. ಆ ಸಣ್ಣ ಸ್ವರ ಹಾಗೇ ಇರುತ್ತದೆ. ತುಂಬಾ ದೂರದಲ್ಲಿ ಯಾರೋ ತಗಡು ಬಡಿದ ಹಾಗೆ ಟಕ್, ಟಕ್‌ಟಕ್, ಲೆಕ್ಕಕ್ಕೆ ಸಿಗದ ತಾಳ. ಏನೋ ತಿರುಗಿದ ಹಾಗೆ ಕಿರ್ರ್ ಅನ್ನುತ್ತದೆ. ಒಣಗಿದ ಎಲೆಯ ಮೇಲೆ ಯಾರೋ ನಡೆದು ಬರುತ್ತಾರೆ, ಆದರೆ ಬಂದು ಮುಟ್ಟುವುದಿಲ್ಲ. ಕೊನೆಗೆ, ಧೊಪ್. ಒಂದೇ ಸಲ. ಬಹಳ ಹೊತ್ತು ಬಿಟ್ಟು ಇನ್ನೊಂದು ಧೊಪ್. ಮೂರನೆಯದು ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತೇವೆ. ಬರುವುದಿಲ್ಲ.

"ಅಷ್ಟೇ" ಅಂದ, ಬೆರಳೆತ್ತಿ.

ಇನ್ನೊಂದು ಸಲ ಹೇಳು ಅಂದೆ. ಅಂದಿನಿಂದ ಅದೇ ನಮ್ಮ ಭಾನುವಾರದ ಪದ್ಧತಿಯಾಯಿತು. ಸಣ್ಣ ಸ್ವರ ಬಂದ ಕೂಡಲೇ, ದೇವರನಾಮಕ್ಕೆ ಮುಂಚೆ, ಅವನು ಟೇಪು ನಿಲ್ಲಿಸುವುದು. ಮುಂದಿನದನ್ನು ಮೇಜಿನ ಮೇಲೆ ಬೆರಳಾಡಿಸುತ್ತ ಬಾಯಲ್ಲಿ ಹೇಳುವುದು. ನಾನು ಕಣ್ಣು ಮುಚ್ಚಿ ಕೇಳುವುದು. ಧೊಪ್ ಅನ್ನುವುದು ಯಾವ ವಾದ್ಯ ಎಂದು ಪ್ರತಿ ಸಲವೂ ಕೇಳುತ್ತಿದ್ದೆ. "ದೊಡ್ಡ ಡ್ರಮ್ಮು ಇರ್ಬೇಕು ಕಣೋ, ಮೇಲೆ ಒದ್ದೆ ಬಟ್ಟೆ ಹಾಕಿರ್ತಾರೆ" ಅನ್ನುತ್ತಿದ್ದ. ಅದು ನನಗೆ ಸಮಾಧಾನ ಕೊಡಲಿಲ್ಲ. ಒದ್ದೆ ಬಟ್ಟೆ ಹಾಕಿದ ತಮಟೆಯನ್ನೇ ಒಮ್ಮೆ ಬಾರಿಸಿ ನೋಡಿ ಬೈಸಿಕೊಂಡಿದ್ದೆ.

ವರ್ಷಗಳು ಹೋದವು. ನಾನು ಮುಳಬಾಗಿಲಿನ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಅವನು ಗೌನಿಪಲ್ಲಿಗೆ ಮರಳಿ ತೋಪು ನೋಡಿಕೊಳ್ಳತೊಡಗಿದ. ಭಾನುವಾರಗಳಲ್ಲಿ ಶ್ರೀನಿವಾಸಪುರದಲ್ಲಿ ಬಸ್ಸು ಬದಲಿಸಿ, ಟೇಪನ್ನು ಬಗಲಲ್ಲಿಟ್ಟುಕೊಂಡು ಬರುತ್ತಿದ್ದ. ತಂಡವೂ ನಮ್ಮ ಜೊತೆಗೇ ವಯಸ್ಸಾಗುತ್ತ ನಡೆದಿತ್ತು. ಕೊಳಲಿನವನು ಬಿಟ್ಟುಹೋದ, ಹೊಸ ಡ್ರಮ್ಮಿನವನು ಬಂದ, ಕೊಳಲಿನವನು ಮತ್ತೆ ಬಂದ. ಇದೆಲ್ಲ ನಮಗೆ ತಿಳಿಯುತ್ತಿದ್ದದ್ದು ಕೋಲಾರದ ರದ್ದಿ ಅಂಗಡಿಯ ಹಳೇ ಇಂಗ್ಲಿಷ್ ಪತ್ರಿಕೆಗಳಿಂದ, ಅದೂ ಒಂದೆರಡು ವರ್ಷ ತಡವಾಗಿ. ಇದಕ್ಕೆಲ್ಲ ಪ್ರೊಗ್ರೆಸಿವ್ ರಾಕ್ ಅನ್ನುತ್ತಾರೆ ಎಂದು ಓದಿ ತಿಳಿದದ್ದೂ ಅಲ್ಲಿಂದಲೇ. ತಂಡದ ಚಿತ್ರವೊಂದನ್ನು ಕತ್ತರಿಸಿ ಲಕ್ಕೂರಿನ ಮನೆಯ ಗೋಡೆಗೆ ಅಂಟಿಸಿದ್ದೆ. ಅವರ ಕೂದಲು, ಗಡ್ಡ, ನಿಲುವಂಗಿ ನೋಡಿ ಅಮ್ಮ "ಇವ್ರು ಯಾವ ಮಠದೋರು?" ಎಂದು ಕೇಳಿದಳು. ನಾನು ಉತ್ತರ ಕೊಡದ ಕಾರಣ, ಯಾವುದಕ್ಕೂ ಇರಲಿ ಎಂದು ದಿನಾ ಒಂದು ಹೂವು ಸಿಕ್ಕಿಸುತ್ತಿದ್ದಳು.

ಅಂಥದೇ ಒಂದು ಪತ್ರಿಕೆಯ ಮೂಲೆಯಲ್ಲಿ ಇಂಗ್ಲೆಂಡಿನಲ್ಲಿದ್ದ ಆ ತಂಡದ ಅಭಿಮಾನಿಗಳ ಕೂಟದ ವಿಳಾಸ ಸಿಕ್ಕಿತು. ನನ್ನ ಕುತೂಹಲಕ್ಕೆ ಅಷ್ಟೇ ಸಾಕಿತ್ತು. ಗೆಳೆಯನಿಗೆ ಹೇಳದೆ, ಅವನನ್ನು ಬೆರಗುಗೊಳಿಸಬೇಕೆಂದು, ನಿಘಂಟು ಪಕ್ಕದಲ್ಲಿಟ್ಟುಕೊಂಡು ಎರಡು ಪುಟ ಬರೆದೆ. ತಗಡಿನ ಸದ್ದು, ಎಲೆಯ ಮೇಲಿನ ಹೆಜ್ಜೆ ಎಲ್ಲವನ್ನೂ ಹೊಗಳಿ, ಕೊನೆಗೆ ನನ್ನ ಪ್ರಶ್ನೆ ಕೇಳಿದೆ: ಆ ಎರಡು ಧೊಪ್ ಯಾವ ವಾದ್ಯದ್ದು?

ನಾಲ್ಕು ತಿಂಗಳಿಗೆ ಉತ್ತರ ಬಂತು. ಅಂಚೆ ಕಚೇರಿಯ ಮೆಟ್ಟಿಲ ಮೇಲೇ ಒಡೆದೆ. ಬಹಳ ಮರ್ಯಾದೆಯ ಕಾಗದ. ನೀವು ಹೇಳುವ ಯಾವ ಸದ್ದೂ ಆ ಹಾಡಿನಲ್ಲಿ ಇಲ್ಲ, ನಮ್ಮಲ್ಲಿ ಯಾರೂ ಅಂಥದ್ದನ್ನು ಕೇಳಿಲ್ಲ, ಭಾರತದಲ್ಲಿ ಬೇರೆಯದೇ ಪ್ಲೇಟು ಬಂದಿದೆಯೇ, ಇದ್ದರೆ ದಯವಿಟ್ಟು ನಕಲು ಕಳಿಸಿ, ನಮಗೆಲ್ಲ ತುಂಬಾ ಕುತೂಹಲವಾಗಿದೆ. ಪೂರ್ತಿ ಹಾಡಿನ ಕ್ಯಾಸೆಟ್ಟನ್ನು ನಾವೂ ನಿಮಗೆ ಬೇರೆಯಾಗಿ ಕಳಿಸುತ್ತೇವೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅಲ್ಲೇ ಒಂದು ಕಾರ್ಡು ಕೊಂಡು ಗೆಳೆಯನಿಗೆ ಬರೆದೆ: "ಇಂಗ್ಲೆಂಡಿನಿಂದ ಕಾಗದ ಬಂದಿದೆ. ಆ ಹಾಡಿಗೆ ನೀನು ಹೇಳುವ ಕೊನೆ ಇಲ್ಲವೇ ಇಲ್ಲವಂತೆ. ಇಷ್ಟು ವರ್ಷ ನನ್ನನ್ನು ಯಾಕೆ ಮಂಗ ಮಾಡಿದೆ?" ಡಬ್ಬಕ್ಕೆ ಹಾಕಿದ ಮೇಲೆ ಕೈ ಹಾಕಿ ತೆಗೆಯಬೇಕು ಅನ್ನಿಸಿತು. ಕೈ ಹಿಡಿಸಲಿಲ್ಲ.

ಆ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನದೂ ಇಲ್ಲ. ಶ್ರೀನಿವಾಸಪುರದ ಬಸ್ಸು ಬರುವ ಹೊತ್ತಿಗೆ ಸುಮ್ಮನೆ ನಿಲ್ದಾಣದ ಕಡೆ ಹೋಗಿ ಚಹಾ ಕುಡಿದು ಬರುತ್ತಿದ್ದೆ. ಮೂರು ತಿಂಗಳು ಹೀಗೇ ಹೋಯಿತು. ಒಬ್ಬ ಸುಳ್ಳುಗಾರನಿಗೆ ಇಷ್ಟು ಕಾಯುತ್ತೇನಲ್ಲ ಎಂದು ನನ್ನ ಮೇಲೇ ಸಿಟ್ಟು ಬರುತ್ತಿತ್ತು. ಒಂದು ದಿನ ಕುರುಡುಮಲೆಗೆ ನಡೆದು ಹೋಗಿ ಅಷ್ಟು ದೊಡ್ಡ ಗಣಪತಿಯ ಮುಂದೆ ಕೂತೆ. ಗೆಳೆಯ ಬರಲಿ ಎಂದು ಬೇಡಿಕೊಳ್ಳಬೇಕೆಂದಿದ್ದೆ. ಮರ್ಯಾದೆ ಅಡ್ಡ ಬಂತು.

ಮೇ ತಿಂಗಳಲ್ಲಿ ಪಾರ್ಸೆಲ್ಲು ಬಂತು. ಅದರಲ್ಲಿ ಕ್ಯಾಸೆಟ್ಟು. ಅಷ್ಟರಲ್ಲಿ ನನ್ನದೇ ಒಂದು ಟೇಪು ಇತ್ತು. ಗುಂಡಿ ಒತ್ತಿದ್ದರೆ ಹತ್ತು ವರ್ಷದ ಕುತೂಹಲ ಅರ್ಧ ಗಂಟೆಯಲ್ಲಿ ತೀರುತ್ತಿತ್ತು. ಒತ್ತಲಿಲ್ಲ. ಯಾರಿಗೆ ಹೇಳಿದರೂ ನಂಬುವುದಿಲ್ಲ, ಆದರೆ ಆ ಕೊನೆಯನ್ನು ಒಬ್ಬನೇ ಕೇಳಲು ನನಗೆ ಭಯವಾಯಿತು. ಕೇಳಿಬಿಟ್ಟರೆ ಅವನ ಹತ್ತಿರ ಹೋಗಲು ನನಗೆ ನೆಪವೇ ಉಳಿಯುವುದಿಲ್ಲ. ಮಾರನೆಯ ದಿನ ರಜೆ ಹಾಕಿ, ಟೇಪು, ಪಾರ್ಸೆಲ್ಲು ಎರಡನ್ನೂ ಚೀಲಕ್ಕೆ ತುಂಬಿ ಗೌನಿಪಲ್ಲಿಯ ಬಸ್ಸು ಹತ್ತಿದೆ.

ಅಷ್ಟು ವರ್ಷದ ಸ್ನೇಹದಲ್ಲಿ ನಾನು ಅವನ ಊರಿಗೆ ಹೋದದ್ದು ಅದೇ ಮೊದಲು. ಬರುವುದೆಲ್ಲ ಅವನ ಪಾಲಿಗೆ ಬಿಟ್ಟಿದ್ದೆ. ಅವನ ತಾಯಿ "ರಾ ನಾಯನಾ" ಎಂದು ಕೂರಿಸಿ, ಮಜ್ಜಿಗೆ ಕೊಟ್ಟು, ಮಗ ತೋಪಿನಲ್ಲಿ ಕಾಯಿ ಕೀಳಿಸುತ್ತಿದ್ದಾನೆ, ಕಾವಲು ಗುಡಿಸಲಲ್ಲಿ ಕಾದಿರು ಎಂದರು.

ಮಧ್ಯಾಹ್ನ. ಗುಡಿಸಲಲ್ಲಿ ಯಾರೂ ಇರಲಿಲ್ಲ. ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಜೀರುಂಡೆಯೊಂದು ಒಂದೇ ಸಣ್ಣ ಸ್ವರ ಹಿಡಿದಿತ್ತು. ತೋಪಿನ ಆ ತುದಿಯಲ್ಲಿ ಯಾರೋ ಗಿಳಿ ಓಡಿಸಲು ತಗಡಿನ ಡಬ್ಬ ಬಡಿದರು. ಟಕ್, ಟಕ್‌ಟಕ್. ನಾನು ಅದರ ಕಡೆ ಗಮನ ಕೊಡಲಿಲ್ಲ. ಬಾವಿಯ ರಾಟೆ ಕಿರ್ರ್ ಅಂದಿತು. ಒಣ ಎಲೆಯ ಮೇಲೆ ಹೆಜ್ಜೆ ಸದ್ದಾಗಿ, ಅವನೇ ಬಂದ ಎಂದು ಎದ್ದು ನೋಡಿದೆ. ಯಾರೂ ಇಲ್ಲ, ಬರೀ ಗಾಳಿ. ಕೂರುವುದಕ್ಕೂ ಹಿಂದಿನ ಮರದಿಂದ ಒಂದು ಕಾಯಿ ಬೀಳುವುದಕ್ಕೂ ಸರಿಹೋಯಿತು.

ಧೊಪ್.

ನಾನು ಕೂತಲ್ಲೇ ಮರದ ಕಡೆ ತಿರುಗಿದೆ. ಬಹಳ ಹೊತ್ತಾದ ಮೇಲೆ ಇನ್ನೊಂದು. ಮೂರನೆಯದಕ್ಕೆ ಕಾದೆ. ಬರಲಿಲ್ಲ. ಹತ್ತು ವರ್ಷ ಯಾವ ವಾದ್ಯ, ಯಾವ ವಾದ್ಯ ಎಂದು ತಲೆ ತಿಂದವನಿಗೆ ಅಳು ಬಂತು, ಅದನ್ನು ಹೇಳಿಕೊಳ್ಳಲು ನನಗೀಗ ನಾಚಿಕೆಯಿಲ್ಲ.

ಗೆಳೆಯ ಬಂದು, ನನ್ನನ್ನು ನೋಡಿ, ದೂರದಲ್ಲೇ ನಿಂತ. ಕೈಯಲ್ಲಿ ಕಾಯಿ ಕೀಳುವ ಬಲೆಯ ಕೋಲು.

"ಬೆಂಗಳೂರಾಗೆ ಅಂಗಡಿ ಅಂಗಡಿ ಸುತ್ದೆ ಕಣೋ" ಅಂದ. "ಸಿಗ್ಲಿಲ್ಲ. ದೇವರನಾಮ ಬಂದ್ರೆ ನಿನ್ ಮಖ ನೋಡಕ್ಕಾಗ್ತಿರ್ಲಿಲ್ಲ. ಬರೀ ಕೈಲಿ ಹೆಂಗೆ ಬರೋದು? ನನಗೆ ಗೊತ್ತಿರೋ ಸದ್ದು ಇವೇ."

ನಾನು ಚೀಲದಿಂದ ಪಾರ್ಸೆಲ್ಲು ತೆಗೆದು ತೋರಿಸಿದೆ.

"ಕೇಳಿದ್ಯಾ?"

"ಇಲ್ಲ. ನೀನು ಬೇಕಿತ್ತು."

"ಹುಚ್ಚ ಕಣೋ ನೀನು. ಹಾಕು, ಹಾಕು."

ನೆಲದ ಮೇಲೆ ಟೇಪಿಟ್ಟು ಹಾಕಿದೆ. ಅದೇ ಹಾಡು, ಅದೇ ಏಳರ ಓಟ. ಸಣ್ಣ ಸ್ವರ ಬಂದಾಗ ಅಭ್ಯಾಸಬಲದಿಂದ ಅವನ ಕೈ ಗುಂಡಿಯ ಕಡೆ ಹೋಗಿ, ಹಿಂದಕ್ಕೆ ಬಂತು. ಸ್ವರ ಅರ್ಧ ನಿಮಿಷ ಹಾಗೇ ನಿಂತಿತ್ತು. ಆಮೇಲೆ ಹೋದವರೆಲ್ಲ ವಾಪಸು ಬಂದರು. ಡ್ರಮ್ಮು, ಗಿಟಾರು, ಹಾಡುವವನು, ಅವನ ಹಿಂದೆ ಒಂದು ಊರಿನಷ್ಟು ದನಿಗಳು. ಮೊದಲಿನ ಸಾಲನ್ನೇ ದೊಡ್ಡದು ಮಾಡಿ ಹಾಡಿ, ಬಾಗಿಲು ಹಾಕಿದ ಹಾಗೆ ಒಟ್ಟಿಗೆ ಮುಗಿಸಿದರು. ಅದ್ಭುತವಾಗಿತ್ತು. ಸುಳ್ಳು ಹೇಳುವುದಿಲ್ಲ, ನಿಜಕ್ಕೂ ಅದ್ಭುತವಾಗಿತ್ತು.

ಟೇಪು ಟಕ್ಕೆಂದು ನಿಂತಿತು. ಅವನು ತಲೆ ಬಗ್ಗಿಸಿ ಕೋಲಿನ ತುದಿಯಿಂದ ಮಣ್ಣು ಗೀರುತ್ತಿದ್ದ. ಹತ್ತು ವರ್ಷ ನನಗೆ ಹಾಡಿನ ಕೊನೆ ಹೇಳಿದವನು, ಈಗ ನನ್ನ ಬಾಯಿಂದ ಒಂದು ಮಾತಿಗೆ ಕಾಯುತ್ತಿದ್ದ.

"ಹೆಂಗೈತೆ?" ಎಂದು ಕೇಳಿದ, ನನ್ನ ಮುಖ ನೋಡದೆ.

"ಚೆನ್ನಾಗೈತೆ" ಅಂದೆ. "ಆದ್ರೆ ಒಂದು ಕಾಯೂ ಬೀಳಲಿಲ್ಲ ಕಣೋ."