ಮೇಜು ಗುದ್ದಿದ ತಾಯಿ

ಆ ಬೆಳಿಗ್ಗೆಯೂ ಎಂದಿನಂತೆ ಮಗಳನ್ನು ಸ್ಕೂಲಿಗೆ ಬಿಟ್ಟು ಬಂದು ಉಪ್ಪಿಟ್ಟಿಗೆ ರವೆ ಹುರಿಯುತ್ತಿದ್ದೆ. ಒಂಬತ್ತೂವರೆಗೆ ಎದುರು ಮನೆಯ ಅವ್ವ ಬಂದರು. ಇಳಕಲ್ ಸೀರೆಯ ಮೇಲೆ ಮಿಲಿಟರಿ ಹಸಿರಿನ ಸ್ವೆಟರು. ತೋಳು ಉದ್ದವಾಗಿ ಎರಡು ಮಡಿಕೆ ಮಡಚಿದ್ದರು. ಅದು ಅವರ ಮಗನದು. ಪರದೇಶದ ಈ ಎವರ್‌ಗ್ರೀನ್ ಬಡಾವಣೆಯ ಬಿರುಬಿಸಿಲಲ್ಲೂ ಅದನ್ನು ತೆಗೆದವರಲ್ಲ.

ಅವರು ಬೆಳಗಾವಿ ಕಡೆಯವರು, ಇಲ್ಲಿ ಮಗಳ ಮನೆಯಲ್ಲಿದ್ದರು. ಮಗ ಸಿಪಾಯಿ, ಕ್ಯಾಂಪಿನಲ್ಲೇ ತೀರಿಕೊಂಡಿದ್ದ. ಜಾರಿ ನೀರಿನ ತೊಟ್ಟಿಗೆ ಬಿದ್ದ ಎಂದು ಸೇನೆಯವರು ಹೇಳಿ ಕಳಿಸಿದ್ದರು. ಮೈ ತೊಳೆಯುವಾಗ ಎರಡೂ ಮಣಿಕಟ್ಟಿನಲ್ಲಿ ಹಗ್ಗದ ಗುರುತು ಕಂಡದ್ದು ಅವ್ವನಿಗೆ. ಹೋದವನು ತಿರುಗಿ ಬರುತ್ತಾನೆಯೇ ಎಂದು ಮಗಳು ಆ ಮಾತನ್ನೇ ಎತ್ತಗೊಡುತ್ತಿರಲಿಲ್ಲ.

ನಮ್ಮ ಸ್ನೇಹ ಬೆಳೆದದ್ದು ಒಂದು ಕೊರಿಯನ್ ಸೀರಿಯಲ್ಲಿನಿಂದ. ಸೇನೆಯೊಳಗಿನ ಅನ್ಯಾಯಗಳ ಮೇಲೆ ಕೇಸು ನಡೆಸುವ ಇಬ್ಬರು ಮಿಲಿಟರಿ ವಕೀಲರ ಕಥೆ. ಪರದೆಯ ಕೆಳಗೆ ಬರುವ ಇಂಗ್ಲಿಷನ್ನು ನಾನು ಕನ್ನಡದಲ್ಲಿ ಹೇಳಬೇಕು; ಅವರು ನಟಿಯ ಮುಖ ನೋಡಿ ನನ್ನನ್ನು ಪರೀಕ್ಷಿಸುವರು. ಒಮ್ಮೆ ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಅಧಿಕಾರಿಯ ಮೇಜು ಗುದ್ದಿ, ಕೊಲೆಗಡುಕರಾ ಎಂದು ಕೂಗಿದಳು. ಅದನ್ನು ಅವ್ವನೆದುರು ಹೇಳಲು ನನಗೆ ಬಾಯಿ ಬರಲಿಲ್ಲ. ದಯವಿಟ್ಟು ನ್ಯಾಯ ಕೊಡಿ ಅಂತಿದ್ದಾಳೆ ಅಂದೆ.

"ಮೇಜು ಹಂಗ ಗುದ್ದಿ ದಯವಿಟ್ಟು ಅಂತಾರೇನು ತಂಗಿ?" ಎಂದು ನಕ್ಕರು.

ಆ ಕಂತಿನಲ್ಲಿ ಮುಚ್ಚಿದ್ದ ಕೇಸನ್ನು ಮತ್ತೆ ತೆರೆದರು. ಮರುದಿನವೇ ಅವ್ವ, ನಮ್ಮದೂ ಹಾಗೆ ತೆಗೆಯಬಹುದಲ್ಲ, ಇಂಗ್ಲಿಷ್ ಕಲಿತವಳು ನೀನೇ ಬರಿ ಎಂದು ಬಂದು ಕೂತರು. ಮರುವಿಚಾರಣೆಗೆ ಒಂದೇ ಒಂದು ಅರ್ಜಿಗೆ ಅವಕಾಶವಿತ್ತು.

"ಕೈ ಕಟ್ಟಿ ಕೊಂದಾರ. ಹಂಗ ಬರಿ."

ನಾನು ಬರೆದದ್ದು ಬೇರೆ: ಕೈಯ ಮೇಲಿನ ಕೆಲವು ಗುರುತುಗಳು ನನಗೆ ತುಸು ಆತಂಕ ತಂದಿವೆ, ಬಿಡುವಾದಾಗ ದಯಮಾಡಿ ಗಮನಿಸಬೇಕು. ಪತ್ರದಲ್ಲಿ ದನಿ ಎತ್ತಬಾರದೆಂದು ಕಾನ್ವೆಂಟಿನ ಸಿಸ್ಟರ್ ಕಲಿಸಿದ್ದರು. ಮರ್ಯಾದೆಯಿಂದ ಕೇಳಿದರೆ ಕೊಡುತ್ತಾರೆಂದು ನಾನು ನಿಜವಾಗಿ ನಂಬಿದ್ದೆ. ಅವ್ವ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು.

ಆ ಬೆಳಿಗ್ಗೆ ಅವರ ಕೈಯಲ್ಲಿದ್ದದ್ದು ಅದರ ಉತ್ತರ. ಒಲೆ ಆರಿಸಿ ಓದಿಕೊಂಡೆ. ಇನ್ನೂ ನೋಡ್ತಿದ್ದಾರಂತೆ ಅವ್ವ, ಅಂದೆ.

ಅವರು ನನ್ನ ಮುಖವನ್ನೇ ನೋಡಿದರು. "ಬಾಯಿ ಒಂದು ಹೇಳತೈತಿ, ಮಾರಿ ಒಂದು. ಇದ್ದಂಗ ಓದು."

ಓದಿದೆ. ಅರ್ಜಿಯಲ್ಲಿ ನಿರ್ದಿಷ್ಟ ಆರೋಪವೇನೂ ಇಲ್ಲದ್ದರಿಂದ ಅದನ್ನು ತಾಯಿಯ ಸಹಜ ದುಃಖವೆಂದು ಪರಿಗಣಿಸಿ ಕಡತ ಮುಗಿಸಲಾಗಿದೆ. ಮತ್ತೆ ಅರ್ಜಿ ಸ್ವೀಕರಿಸಲಾಗುವುದಿಲ್ಲ.

"ಕೊಂದಾರ ಅಂತ ಬರ್ದಿದ್ದಿ ಅಲ್ಲ?"

ಹಾಗೆ ಬರೆದಿರಲಿಲ್ಲವೆಂದು ಹೇಳಿದೆ. ಅವರು ಕಾಗದ ಮಡಚಿ ಸ್ವೆಟರಿನ ತೋಳಿನ ಮಡಿಕೆಯೊಳಗೆ ಸೇರಿಸಿಕೊಂಡರು. ಕಾಲು ಹಿಡಿಯಲು ಬಗ್ಗಿದ ನನ್ನನ್ನು ಭುಜ ಹಿಡಿದು ಎತ್ತಿದರು.

"ನಿನಗ ಬೈಯೂದು ಯಾರೂ ಕಲಿಸಿಲ್ಲ ತಂಗಿ. ನಾನ ಕಲಿಸಿ ಬರೆಸಬೇಕಾಗಿತ್ತು."

ಮಧ್ಯಾಹ್ನ ಅವರು ಹೇಳಿದ್ದನ್ನು ಹೇಳಿದಂತೆಯೇ, ಕೊಲೆ ಎಂಬ ಮಾತಿನಿಂದಲೇ ಶುರುಮಾಡಿ, ಇನ್ನೊಂದು ಬರೆದೆ. ತೆಗೆದುಕೊಳ್ಳುವವರಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆಮೇಲೂ ಬರೆದೆವು. ಯಾವುದಕ್ಕೂ ಉತ್ತರವಿಲ್ಲ. ಮರುವರ್ಷದ ಚಳಿಗಾಲದಲ್ಲಿ ಅವ್ವ ಅದೇ ಸ್ವೆಟರಿನಲ್ಲಿ ಕಣ್ಣು ಮುಚ್ಚಿದರು. ಸೀರಿಯಲ್ಲು ಅರ್ಧಕ್ಕೆ ನಿಂತಿದೆ. ನಾನು ಈಗಲೂ ಬರೆಯುತ್ತೇನೆ, ಅವರ ಮಾತಲ್ಲೇ.

ಆದರೆ ಮನಸ್ಸು ಹೋಗಿ ನಿಲ್ಲುವುದು ಆ ದಿನದ ಸಂಜೆಯಲ್ಲೇ. ಎರಡನೆಯ ಕಾಗದವನ್ನು ಅಂಚೆಡಬ್ಬಿಗೆ ಹಾಕುತ್ತಿದ್ದೆ. ಪಕ್ಕದ ಮನೆಯ ಮೈಸೂರಿನವರು ನಾಯಿ ಸುತ್ತಾಡಿಸುತ್ತಾ ಬಂದವರು ನನ್ನ ಕೈಲಿದ್ದ ಕಾಗದ ನೋಡಿ ನಿಂತರು. ಪಾರ್ಕಿಂಗ್ ವಿಷಯಕ್ಕೆ ಅಸೋಸಿಯೇಷನ್‌ನವರಿಗೆ ಒಂದು ಲೆಟರ್ ಬೇಕಿತ್ತಂತೆ.

"ನೀವೇ ಬರೆದುಕೊಡಿ ಮೇಡಮ್," ಅಂದರು. "ನೀವು ಬರೆದ್ರೆ ಯಾರಿಗೂ ಒಂಚೂರೂ ನೋವಾಗಲ್ಲ."