ಹಗ್ಗದಾಚೆಯ ಬಿರುಕು
ಜಪಾನಿನ ನಗೋಯಾದಿಂದ ನಾನೂ ಒಂಬತ್ತು ವರ್ಷದ ಮಗಳೂ ಹೋಗಿದ್ದ ಆ ಪುಟ್ಟ ಸ್ಕೀ ಬೆಟ್ಟದಲ್ಲಿ, ಹಿಮದ ಕಾಲ ಮುಗಿಯುವ ಏಪ್ರಿಲ್ ಆದ್ದರಿಂದ, ಲಿಫ್ಟ್ ನಡೆಸುವ ಅಜ್ಜನ ಹೊರತು ಯಾರೂ ಇರಲಿಲ್ಲ. ಇಳಿಜಾರಿನ ಅಂಚಿಗೆ ಕಟ್ಟಿದ ಹಗ್ಗದಾಚೆ ಹಿಮ ಬಿರಿದಿದೆ, ಹೋಗಬೇಡಿ ಎಂದು ಅವರು ಎಚ್ಚರಿಸಿದ್ದರು. ಅರ್ಧ ಇಳಿಯುವಷ್ಟರಲ್ಲಿ ಮಂಜು ಕವಿದು, ಮುಂದಿದ್ದ ಮಗಳು ಕಾಣದಾದಳು. ಕೂಗಿದೆ, ಉತ್ತರವಿಲ್ಲ. ಅವಳ ಸ್ಕೀ ಗುರುತು ಹಗ್ಗದ ಕಡೆಗೇ ತಿರುಗಿತ್ತು. ಸ್ಕೀ ಕಳಚಿ, ಮೆತ್ತನೆಯ ಹಿಮದಲ್ಲಿ ಏಳುತ್ತ ಬೀಳುತ್ತ ಇಳಿದೆ.

ಅವಳು ಹಗ್ಗದ ಕಂಬ ತಬ್ಬಿಕೊಂಡು ಬಿದ್ದಿದ್ದಳು. ಕಾಲುಗಳು ಬಿರುಕಿನ ಮೇಲೆ ತೂಗುತ್ತಿದ್ದವು. ಕೂಗಿದರೆ ಹಿಮ ಕುಸಿಯುತ್ತದೆಂದು ಸುಮ್ಮನಿದ್ದಳಂತೆ.

"ಅಮ್ಮಾ, ಕೊವಾಯ್... ಭಯ ಆಗ್ತಿದೆ."

"ಅಲ್ಲಾಡ್ಬೇಡ ಪುಟ್ಟಾ, ಬಂದೆ."

ಬೋರಲು ಮಲಗಿ, ಜಾಕೆಟ್ ಹಿಡಿದು ಎಳೆದುಕೊಂಡೆ. ಅವಳ ಒಂದು ಸ್ಕೀ ಕಳಚಿ ಒಳಗೆ ಜಾರಿತು. ತಳ ಮುಟ್ಟಿದ ಸದ್ದೇ ಕೇಳಿಸಲಿಲ್ಲ. ಅವಳ ಕೈ ಬಿಡದೆ, ಇಬ್ಬರೂ ಕುಳಿತುಕೊಂಡೇ ಜಾರುತ್ತ ಬೆಟ್ಟವಿಳಿದೆವು.