ಎಂಟು ಚಮಚ ಸಾಬೂದಾಣಿ ಗಂಜಿ

ನನ್ನ ಮೊಮ್ಮಗಳು ಆಕಳಿಸಿದಳು.

ಹೌದು, ಸರಿಯಾಗಿಯೇ ಓದಿದಿರಿ. ಮೊನ್ನೆ ಭಾನುವಾರ ಮಧ್ಯಾಹ್ನ ಟೀವಿ ಮುಂದೆ ಕುಳಿತಿದ್ದ ನಮ್ಮ ಭಾಗ್ಯ ಎರಡೂ ಕೈ ಮೇಲೆತ್ತಿ, ಬಾಯಿ ಅಗಲಿಸಿ, ಕಿರುನಾಲಿಗೆ ಕಾಣುವ ಹಾಗೆ ಆಕಳಿಸಿದಳು. ನನ್ನ ಹೆಂಡತಿ ಸೋಸುತ್ತಿದ್ದ ಮೆಂತ್ಯಸೊಪ್ಪು ಅಲ್ಲಿಯೇ ಬಿಟ್ಟು ಓಡಿ ಬಂದಳು. ಮಗಳು ಶೋಭಾ ಇನ್ನೊಮ್ಮೆ ಮಾಡು ಅಂದಳು. ಅಳಿಯ ಮೊಬೈಲ್ ಹಿಡಿದುಕೊಂಡು ನಿಂತ. ಪಕ್ಕದ ಮನೆಯ ತೆಲುಗಿನ ಅಮ್ಮ ಗದ್ದಲ ಕೇಳಿ ಬಂದರು. ಆಕಳಿಕೆಯ ವಿಡಿಯೋ ನೋಡಿದರು. ನಮ್ಮ ಮುಖ ನೋಡಿದರು. ಹಾಗೆಯೇ ಹೊರಟುಹೋದರು. (ಪಾಪ, ಅವರು ಈ ಗಲ್ಲಿಗೆ ಹೊಸಬರು.)

ಆಕಳಿಕೆಗೆ ಯಾರಾದರೂ ಪೇಢೆ ಹಂಚುತ್ತಾರೆಯೇ? ನಾನು ಹಂಚಿದೆ. ಲಿಂಗಂಪಲ್ಲಿ ಸ್ಟೇಷನ್ ಹತ್ತಿರದ ಅಂಗಡಿಯಿಂದ ಎರಡು ಕಿಲೋ ತಂದೆ. ಮನೆ ಮುಟ್ಟುವಷ್ಟರಲ್ಲಿ ಡಬ್ಬಿ ಖಾಲಿ. ಆಟೋದವನಿಗೂ ಕೊಟ್ಟೆ. ಏನು ವಿಶೇಷ ಅಂತ ಅವನು ಕೇಳಿದ. ಮೊಮ್ಮಗಳು ಬಾಯಿ ತೆರೆದಳು ಅಂದೆ. ಅವನಿಗೂ ಒಬ್ಬ ಮಗಳಿದ್ದಾಳಂತೆ, ಬಾಯಿ ಮುಚ್ಚುವುದೇ ಇಲ್ಲವಂತೆ.

ಹೊಸ ಓದುಗರಿಗೆ ಹಿಂದಿನ ಕಥೆ ಹೇಳಬೇಕು. ಭಾಗ್ಯಳಿಗೆ ಈಗ ಏಳು ವರ್ಷ. ಮೂರು ವರ್ಷದವಳಿದ್ದಾಗ ಮೆಟ್ಟಿಲಿನಿಂದ ಗದ್ದ ಊರಿ ಬಿದ್ದಳು. ಬಾವು ಇಳಿಯಿತು, ಗಾಯ ಮಾಯಿತು, ನಾವು ಮರೆತೆವು. ಮೂಳೆ ಮರೆಯಲಿಲ್ಲ. ಕಿವಿಯ ಮುಂದೆ ದವಡೆಯ ಕೀಲು ಇರುತ್ತದಲ್ಲ, ಅದು ವರ್ಷದಿಂದ ವರ್ಷಕ್ಕೆ ಕೂಡಿಕೊಂಡು ಕಲ್ಲಾಯಿತು. ಕಡೆಗೆ ಹಲ್ಲುಗಳ ನಡುವೆ ನನ್ನ ಕಿರುಬೆರಳೂ ಹೋಗದಂತಾಯಿತು. ಹುಡುಗಿ ಹಲ್ಲು ಕಚ್ಚಿಕೊಂಡೇ ಮಾತಾಡುತ್ತಿದ್ದಳು. ಮುಂದಿನ ಹಾಲುಹಲ್ಲು ಬಿದ್ದ ಸಂದಿಯಿಂದ ತೆಳ್ಳಗಿನದು ಏನಿದೆಯೋ ಅದನ್ನು ಹೀರುತ್ತಿದ್ದಳು. ಸರ್ಕಾರಿ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತನಾಲ್ಕು ವರ್ಷ ಅಡುಗೆ ಮಾಡಿದವನು ನಾನು. ಪಾಳಿಯ ಮೇಲೆ ಪಾಳಿ ಜನರಿಗೆ ಉಣಿಸಿದ ಕೈ ಇದು. ನನ್ನ ಮನೆಯ ಕೂಸಿನ ಬಾಯಿಗೆ ಒಂದು ತುತ್ತು ಇಡಲಾಗಲಿಲ್ಲ.

ಆಪರೇಷನ್ ಮಾಡಿದರೆ ಬಾಯಿ ತೆರೆಯುತ್ತದೆ ಅಂದರು. ಆಪರೇಷನ್ ಮಾಡುವ ಡಾಕ್ಟರು ಯಾರು, ಎಂಥವರು, ಕೈಗುಣ ಹೇಗೆ ಅಂತ ಹತ್ತು ಜನರನ್ನು ವಿಚಾರಿಸಿದೆ. ಮತ್ತು ಬರಿಸುವ, ಅಂದರೆ ಅರಿವಳಿಕೆ ಕೊಡುವ ಡಾಕ್ಟರ ವಿಷಯ ಒಬ್ಬರನ್ನೂ ಕೇಳಲಿಲ್ಲ. ಇಲ್ಲಿಯ ತೆಲುಗಿನವರು ಅವರನ್ನು 'ಮತ್ತು ಡಾಕ್ಟರ್' ಅನ್ನುತ್ತಾರೆ. ಕನ್ನಡದ ಕಿವಿಗೆ ಅದು ಹೇಗೆ ಕೇಳುತ್ತದೆ ಹೇಳಿ? ಆಪರೇಷನ್ ಡಾಕ್ಟರು, ಮತ್ತು... ಇನ್ನೊಬ್ಬರು. ನಾನೂ ಹಾಗೆಯೇ ತಿಳಿದಿದ್ದೆ. ಒಂದು ಸೂಜಿ ಚುಚ್ಚಿ ಕೈತೊಳೆದುಕೊಂಡು ಹೋಗುವವರು ಅಂತ.

ಆ ಮತ್ತಿನ ಡಾಕ್ಟರಮ್ಮ ಆಪರೇಷನ್‌ಗೆ ಒಂದು ವಾರ ಮೊದಲೇ ಭಾಗ್ಯಳನ್ನು ಕರೆಸಿ ನೋಡಿದ್ದರು. ಕುತ್ತಿಗೆ ಹಿಂದೆ ಬಾಗಿಸಿ ನೋಡಿದರಂತೆ. ಮೂಗಿನ ಒಂದೊಂದೇ ಹೊಳ್ಳೆ ಮುಚ್ಚಿ ಯಾವುದರಲ್ಲಿ ಉಸಿರು ಸಲೀಸಾಗಿದೆ ಅಂತ ನೋಡಿದರಂತೆ. ಎಲ್ಲರಿಗೂ ಉಸಿರಿನ ನಳಿಗೆಯನ್ನು ಬಾಯಿಂದ ಇಳಿಸುತ್ತಾರೆ. ಇವಳ ಬಾಯಿಯೇ ತೆರೆಯುವುದಿಲ್ಲವಲ್ಲ, ಸಣ್ಣ ಕ್ಯಾಮೆರಾದ ಎಳೆಯೊಂದನ್ನು ಮೂಗಿನಿಂದ ಬಿಟ್ಟು ಅದರ ಮೇಲೆ ನಳಿಗೆ ಜಾರಿಸಬೇಕು ಅಂದರಂತೆ. ನಿದ್ದೆ ಬರಿಸುವುದು ಸುಲಭ, ಆ ನಿದ್ದೆಯಲ್ಲಿ ಉಸಿರು ಕಾಯುವುದು ಕಷ್ಟ ಅಂದರಂತೆ.

ಎಲ್ಲಾ 'ಅಂತೆ'. ಯಾಕೆಂದರೆ ಆ ಹೊತ್ತಿಗೆ ನಾನು ರಕ್ತಪರೀಕ್ಷೆಯ ಚೀಟಿ ಹಿಡಿದು ಇನ್ನೊಂದು ಸಾಲಿನಲ್ಲಿ ನಿಂತಿದ್ದೆ. ಶೋಭಾ ಹೊರಗೆ ಬಂದು ನನಗೆ ಹೇಳಿದ್ದು ಇಷ್ಟೇ:

"ಅಪ್ಪಾ, ಸೋಮವಾರ ಆಪರೇಷನ್. ರಾತ್ರಿ ಹನ್ನೆರಡರ ಮ್ಯಾಲ ಕೂಸು ಉಪಾಸ ಇರಬೇಕಂತ."

ಉಪಾಸ. ಈ ಮಾತನ್ನು ನನಗೆ ಹೇಳಿಕೊಡಬೇಕೇ? ನಲವತ್ತು ವರ್ಷದಿಂದ ಪ್ರತಿ ಸೋಮವಾರ ನಾನು ಉಪವಾಸ. ಬೆಳಿಗ್ಗೆ ಸಾಬೂದಾಣಿ, ಅಂದರೆ ಸಬ್ಬಕ್ಕಿ ಖಿಚಡಿ, ಮೇಲೊಂದಿಷ್ಟು ಶೇಂಗಾ ಪುಡಿ. ಮಧ್ಯಾಹ್ನ ಬಾಳೆಹಣ್ಣು, ಹಾಲು. (ನಗಬೇಡಿ. ನಿಮ್ಮ ಮನೆಯ ಉಪವಾಸದ ಮೆನು ನನಗೆ ಗೊತ್ತಿಲ್ಲವೇ?) ಅನ್ನ ಇಲ್ಲ, ರೊಟ್ಟಿ ಇಲ್ಲ ಅಂದಮೇಲೆ ಅದು ಉಪವಾಸ. ಕ್ಯಾಂಟೀನಿನಲ್ಲಿ ಸೋಮವಾರದ ಉಪವಾಸದವರಿಗೆ ಅಂತ ಒಂದು ಬೇರೆ ಪಾತೇಲಿ ಇಡುತ್ತಿದ್ದೆ, ಅದು ಎಲ್ಲಕ್ಕಿಂತ ಮೊದಲು ಖಾಲಿಯಾಗುತ್ತಿತ್ತು. ಶೋಭಾಳದು ಬೇರೆ ಜಾತಿಯ ಉಪವಾಸ. ನೀರೂ ಮುಟ್ಟುವುದಿಲ್ಲ. ನಾನು ಆಕೆಯನ್ನು ಚೇಷ್ಟೆ ಮಾಡುತ್ತೇನೆ, ಆಕೆ ನನ್ನನ್ನು ಬೈಯುತ್ತಾಳೆ. ಇದು ನಮ್ಮ ಮನೆಯ ಪ್ರತಿ ಸೋಮವಾರದ ಜಗಳ.

ಆ ಸೋಮವಾರ ಬೆಳಗಿನ ಮೊದಲ ಲೋಕಲ್ ರೈಲು ಹಿಡಿದು ಆಸ್ಪತ್ರೆಗೆ ಹೋದೆ. ಚೀಲದಲ್ಲಿ ಫ್ಲಾಸ್ಕ್ ಇತ್ತು. ಹಾಲಿನಲ್ಲಿ ಬೇಯಿಸಿದ ಸಾಬೂದಾಣಿ ಗಂಜಿ, ಚಿಟಿಕೆ ಏಲಕ್ಕಿ. ಹಿಂದಿನ ರಾತ್ರಿಯಿಂದ ಕೂಸಿನ ಜೊತೆ ವಾರ್ಡಿನಲ್ಲಿದ್ದ ಶೋಭಾ ಸ್ನಾನಕ್ಕೆ ಹೋಗಿದ್ದಳು. ಆರೂವರೆ ಇರಬೇಕು. ಭಾಗ್ಯ ಹಸಿರು ಅಂಗಿ ತೊಟ್ಟು ಮಂಚದ ಮೇಲೆ ಕಾಲು ಅಲ್ಲಾಡಿಸುತ್ತಾ ಕುಳಿತಿದ್ದಳು.

ಮುತ್ಯಾ, ಹಸಿವು ಅಂದಳು. ನನಗೆ ಇನ್ನೇನು ಬೇಕು?

ಎಂಟು ಚಮಚ ಕೊಟ್ಟೆ. ಹಲ್ಲಿನ ಸಂದಿಯಿಂದ ಸುರ್ ಅಂತ ಎಳೆದುಕೊಂಡಳು. ಬಾಯಿ ಒರೆಸಿದೆ. ಆಮೇಲೆ ಒಂದು ಮಾತು ಹೇಳಿದೆ:

"ನಿಮ್ಮವ್ವನ ಮುಂದ ಹೇಳಬ್ಯಾಡ. ಬೈತಾಳ."

ಎಷ್ಟು ಸಲೀಸಾಗಿ ಹೇಳಿದೆ ನೋಡಿ. ಅಜ್ಜಂದಿರೆಲ್ಲ ಹೇಳುವ ಮಾತು ಇದು. ಚಾಕ್ಲೇಟು ಕೊಟ್ಟು ಹೇಳುತ್ತೇವೆ, ಐಸ್‌ಕ್ರೀಮ್ ಕೊಡಿಸಿ ಹೇಳುತ್ತೇವೆ. ಮಕ್ಕಳ ಜೊತೆ ಗುಟ್ಟು ಇಟ್ಟುಕೊಳ್ಳುವುದೇ ಒಂದು ಸುಖ.

ಸ್ವಲ್ಪ ಹೊತ್ತಿಗೆ ನರ್ಸ್ ಬಂದು ತೆಲುಗಿನಲ್ಲಿ ಏನಾದರೂ ತಿಂದೆಯಾ ಅಂತ ಕೇಳಿದಳು. ಭಾಗ್ಯ ಮೊದಲು ನನ್ನ ಮುಖ ನೋಡಿದಳು. ಆಮೇಲೆ ಇಲ್ಲ ಅಂತ ತಲೆಯಾಡಿಸಿದಳು. ಉಪವಾಸಂ? ಅಂತ ನರ್ಸ್ ನನ್ನ ಕಡೆ ತಿರುಗಿದಳು. ಹೌದು ತಾಯಿ, ಉಪವಾಸ ಅಂದೆ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನಿಸಲೇ ಇಲ್ಲ. ನರ್ಸ್ ಕಾಗದದಲ್ಲಿ ಗುರುತು ಹಾಕಿ ಹೋದಳು.

ಥಿಯೇಟರಿನ ಬಾಗಿಲಲ್ಲಿ ಆ ಡಾಕ್ಟರಮ್ಮ ಸ್ವತಃ ಹೊರಗೆ ಬಂದರು. ಶೋಭಾಳನ್ನು ಹಿಂದಿಯಲ್ಲಿ ಮತ್ತೆ ಕೇಳಿದರು. ಏನೂ ಕೊಟ್ಟಿಲ್ಲ ಮೇಡಂ ಅಂತ ಆಕೆ ತನಗೆ ತಿಳಿದದ್ದನ್ನು ಹೇಳಿದಳು. ಪದೇ ಪದೇ ಕೇಳುತ್ತೇನೆಂದು ಬೇಸರ ಮಾಡಬೇಡಿ ಅಂದರು ಡಾಕ್ಟರಮ್ಮ. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದರೆ ಬೇರೆ ಮಕ್ಕಳ ಬಾಯಿ ತೆರೆದು ತಕ್ಷಣ ತೆಗೆಯುತ್ತೇವೆ, ಇವಳ ಬಾಯೊಳಗೆ ನಮಗೆ ದಾರಿಯೇ ಇಲ್ಲ, ಅದು ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ, ಅದಕ್ಕೇ ಹಾಲು ಕೂಡ ಬೇಡ ಅಂದದ್ದು ಅಂದರು.

ಹಾಲು ಕೂಡ ಬೇಡ. ನನಗೆ ಅಷ್ಟು ಹಿಂದಿ ಬರುತ್ತದೆ.

ಓದುಗರೇ, ಆಗ ನಾನು ಏನು ಮಾಡಿದೆ ಗೊತ್ತೇ? ಸುಮ್ಮನೆ ನಿಂತೆ. ತಳ್ಳುಗಾಡಿ ಒಳಗೆ ಹೋಯಿತು. ಬಾಗಿಲು ಮುಚ್ಚಿತು. ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟು ಹೊತ್ತು ನಾನು ಆ ಬಾಗಿಲ ಮುಂದೆ ನಿಂತಿದ್ದೆ. ಹಾಲೆಂದರೆ ಲೋಟಗಟ್ಟಲೆ ಇರಬೇಕು, ನನ್ನದು ಎಂಟೇ ಚಮಚ ಅಂದುಕೊಂಡೆ. ಆ ಡಾಕ್ಟರುಗಳು ಹೆದರಿಸುವುದಕ್ಕೆ ಹಾಗೆ ಹೇಳುತ್ತಾರೆ ಅಂದುಕೊಂಡೆ. ಮಗಳ ಮುಂದೆ ಹೇಗೆ ಹೇಳಲಿ ಅಂದುಕೊಂಡೆ. ಮೊಮ್ಮಗಳ ಉಸಿರಿಗಿಂತ ನನ್ನ ಮರ್ಯಾದೆ ಅಷ್ಟು ಹೊತ್ತು ದೊಡ್ಡದಾಗಿತ್ತು. 

ಆಮೇಲೆ ಎರಡೂ ಕೈಯಿಂದ ಬಾಗಿಲು ಬಡಿದೆ.

ಡಾಕ್ಟರಮ್ಮ ಬಂದರು. ಹೇಳಿದೆ. ಅವರು ಕೂಗಾಡಲಿಲ್ಲ. ಏನು ಕೊಟ್ಟಿರಿ, ಎಷ್ಟು ಚಮಚ, ಎಷ್ಟು ಗಂಟೆಗೆ ಅಂತ ಮೂರೇ ಪ್ರಶ್ನೆ ಕೇಳಿದರು. ಒಳಗೆ ಹೋಗಿ ಕೈಗವಸು ಬಿಚ್ಚಿ ಬಂದರು. ಗೋಡೆಗೆ ಒರಗಿ ನಿಂತು ನನ್ನನ್ನು ನೋಡಿ ಅಂದರು:

"ಚಾಚಾ, ಇನ್ನು ಎರಡು ನಿಮಿಷ ತಡವಾಗಿದ್ದರೆ ಔಷಧ ಹೋಗುತ್ತಿತ್ತು."

ಅಂದಿನ ಆಪರೇಷನ್ ರದ್ದು. ಆ ಕ್ಯಾಮೆರಾ, ಆ ಇಬ್ಬರು ಡಾಕ್ಟರು, ಆ ಟೇಬಲ್ ಮೂರೂ ಮತ್ತೆ ಒಟ್ಟಿಗೆ ಸಿಗಬೇಕು. ನಾಲ್ಕು ವಾರದ ನಂತರದ ತಾರೀಕು ಕೊಟ್ಟರು. ಅಷ್ಟರಲ್ಲಿ ಭಾಗ್ಯಳಿಗೆ ಕೆಮ್ಮು ನೆಗಡಿ ಹಿಡಿಯಿತು. ಎದೆಯಲ್ಲಿ ಕಫ ಇರುವಾಗ ಮತ್ತಿನ ಔಷಧ ಕೊಡುವುದಿಲ್ಲ ಅಂತ ಡಾಕ್ಟರಮ್ಮ ಇನ್ನೂ ಮೂರು ವಾರ ಮುಂದಕ್ಕೆ ಹಾಕಿದರು. ಏಳು ವಾರ. ಏಳು ವಾರ ಆ ಕೂಸು ಹಲ್ಲಿನ ಸಂದಿಯಿಂದ ಬೇಳೆಕಟ್ಟು ಹೀರಿತು. ನಾನು ಎದುರು ಕುಳಿತು ರೊಟ್ಟಿ ತಿಂದೆ.

ಮಗಳು ಬೈಯಲಿಲ್ಲ. ನನ್ನನ್ನು ಒಂದು ಮಾತು ಕೇಳಿದ್ದರೆ ಆಗುತ್ತಿತ್ತಲ್ಲಪ್ಪಾ ಅಂದಳು ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಅಂದು ವಾಪಸಾಗುವಾಗ ಬೇಗಂಪೇಟೆಯಲ್ಲಿ ರೈಲು ಹತ್ತಿದೆವು. ಭಾಗ್ಯ ನನ್ನ ತೊಡೆಯ ಮೇಲಿದ್ದಳು. ಕಿಟಕಿಯ ಕಡೆ ನೋಡುತ್ತಾ, ಕಚ್ಚಿದ ಹಲ್ಲಿನೊಳಗಿಂದಲೇ ಕೇಳಿದಳು:

"ಮುತ್ಯಾ, ನಾ ಸುಳ್ಳ ಹೇಳಿದ್ದಕ್ಕ ಅವರು ನನ್ನ ಬಾಯಿ ತೆರೀಲಿಲ್ಲೇನು?"

ನಾನು ಏನು ಹೇಳಬೇಕಿತ್ತು? ಸುಳ್ಳು ನಿನ್ನದಲ್ಲ ಕೂಸೇ, ನನ್ನದು ಅನ್ನಬೇಕಿತ್ತು. ನಾನು ಹೇಳಿದ್ದು ಬೇರೆ. ಡಾಕ್ಟರಮ್ಮನಿಗೆ ಬೇರೆ ಕೆಲಸ ಬಂತವ್ವಾ ಅಂದೆ.

ಇನ್ನೊಂದು ಸುಳ್ಳು. ಅದೂ ಎಲ್ಲಾ ಗೊತ್ತಿರುವ ಹುಡುಗಿಯ ಮುಂದೆ.

ಎರಡನೆಯ ಸಲ ಡಾಕ್ಟರಮ್ಮ ಉಪವಾಸ ಎಂಬ ಮಾತನ್ನೇ ಎತ್ತಲಿಲ್ಲ. ನಿನ್ನೆ ರಾತ್ರಿಯಿಂದ ಇವಳ ಬಾಯಿಗೆ ಏನೇನು ಹೋಗಿದೆ ಹೇಳಿ ಅಂದರು. ನೀರು, ಹಾಲು, ಚಹಾ, ಪ್ರಸಾದ, ಚಾಕ್ಲೇಟು, ಸಾಬೂದಾಣಿ ಅಂತ ಒಂದೊಂದಾಗಿ ಕೇಳಿದರು. ಸಾಬೂದಾಣಿ ಅನ್ನುವಾಗ ನನ್ನ ಕಡೆ ನೋಡಿದರು. ಈಗ ಎಲ್ಲ ರೋಗಿಗಳನ್ನೂ ಹಾಗೆಯೇ ಕೇಳುತ್ತಾರಂತೆ. ವಾರ್ಡಿನ ನರ್ಸುಗಳು ನನಗೆ 'ಸಗ್ಗುಬಿಯ್ಯಂ ತಾತ' ಅಂತ ಹೆಸರಿಟ್ಟಿದ್ದಾರೆ. ತೆಲುಗಿನಲ್ಲಿ ಹಾಗೆಂದರೆ ಸಾಬೂದಾಣಿಯೇ. ಇರಲಿ. ಗಳಿಸಿದ ಹೆಸರು.

ಯೋಚಿಸಿ ನೋಡಿ, ನಾವು ಡಾಕ್ಟರ ಮುಂದೆ ಹೇಗೆ ಮಾತಾಡುತ್ತೇವೆ? ಏನೂ ತಿಂದಿಲ್ಲ ಸಾರ್, ಬರೀ ಚಹಾ. ಏನೂ ಚಟ ಇಲ್ಲ ಸಾರ್, ಬರೀ ತಂಬಾಕು. ಬೇರೆ ಕಾಯಿಲೆ ಇಲ್ಲ ಸಾರ್, ಬರೀ ರಾತ್ರಿ ಗೊರಕೆ. ಈ 'ಬರೀ' ಒಳಗೆ ನಾವು ಏನೆಲ್ಲ ಮುಚ್ಚಿಡುತ್ತೇವೆ? ಅಲುಗಾಡುವ ಹಲ್ಲನ್ನೂ ಹೇಳಬೇಕಂತೆ, ಕಟ್ಟಿಸಿದ ಹಲ್ಲನ್ನೂ ಹೇಳಬೇಕಂತೆ. ಅವರಿಗೆ ನಮ್ಮ ಗಂಟಲೇ ಬಾಗಿಲು. ಬಾಗಿಲ ಹಿಂದೆ ಏನಿದೆ ಅಂತ ಹೇಳದೆ ಒಳಗೆ ಬನ್ನಿ ಅಂದರೆ ಅವರು ಹೇಗೆ ಬರಬೇಕು?

ಆಪರೇಷನ್ ಐದು ಗಂಟೆ ನಡೆಯಿತು. ಮೂಗಿನ ನಳಿಗೆ ಮೊದಲ ಸಲಕ್ಕೇ ಇಳಿಯಿತಂತೆ. ಮುಗಿದ ಮೇಲೂ ಡಾಕ್ಟರಮ್ಮ ಅವಸರ ಮಾಡಲಿಲ್ಲ. ಭಾಗ್ಯ ಕಣ್ಣು ಬಿಟ್ಟು, ಹೇಳಿದ ಹಾಗೆ ಕೈ ಮುಷ್ಟಿ ಮಾಡಿ ತೋರಿಸುವ ತನಕ ನಳಿಗೆ ತೆಗೆಯದೆ ತಲೆಯ ಹತ್ತಿರವೇ ನಿಂತಿದ್ದರಂತೆ. ನಾನು ಸೂಜಿ ಚುಚ್ಚಿ ಹೋಗುವವರು ಅಂದುಕೊಂಡಿದ್ದೆನಲ್ಲ, ಆ ಡಾಕ್ಟರು.

ಈಗ ದಿನಕ್ಕೆ ಐದು ಸಲ ವ್ಯಾಯಾಮ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಹಿಡಿಯಬೇಕು, ಎರಡು ದಿನಕ್ಕೊಂದು ಕಡ್ಡಿ ಹೆಚ್ಚಿಸಬೇಕು. ಮಾಡದಿದ್ದರೆ ದವಡೆ ಮತ್ತೆ ಬಿಗಿಯುತ್ತದಂತೆ. ನೋವಾಗುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಎಷ್ಟು ನೋವು ಅಂತ ಅವಳು ಹೇಳಿದರೆ ಮಾತ್ರ ನಮಗೆ ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುತ್ತದೆ. ಸುಮ್ಮನೆ ಸಹಿಸಿಕೊಂಡರೆ ಕೀಲಿಗೆ ಪೆಟ್ಟು ಅಂತ ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದಾರೆ.

ಮೊನ್ನೆ ಆಕಳಿಸಿದ ದಿನ ಸಂಜೆ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತೆವು. ಭಾನುವಾರ, ಶೋಭಾಳಿಗೆ ಹಿಮಾಯತ್‌ನಗರದ ಬಟ್ಟೆ ಅಂಗಡಿಯ ಕೆಲಸವಿರಲಿಲ್ಲ, ಅಳಿಯನಿಗೆ ಕಟ್ಟಡದ ಸೆಂಟ್ರಿಂಗ್ ಕೆಲಸಕ್ಕೆ ರಜೆ. ನನ್ನ ಹೆಂಡತಿ ಬಿಸಿ ಬಿಸಿ ಜೋಳದ ರೊಟ್ಟಿ ತಟ್ಟಿ ತಟ್ಟಿ ಹಾಕಿದಳು, ಮೆಂತ್ಯಪಲ್ಯ, ಗಟ್ಟಿ ಮೊಸರು. ಮೆತ್ತಗಿನ ತುಂಡಾದರೆ ಕೊಡಬಹುದು ಅಂತ ಡಾಕ್ಟರು ಅಂದಿದ್ದರು. ಮೊಸರಲ್ಲಿ ನೆನೆಸಿದ ರೊಟ್ಟಿಯ ತುಂಡನ್ನು ಭಾಗ್ಯ ತನ್ನ ಕೈಯಿಂದಲೇ ಬಾಯೊಳಗೆ ಇಟ್ಟುಕೊಂಡಳು. ಅಗಿದಳು. ಅಗಿಯುವುದು ಹೇಗೆಂದು ಮರೆತವರ ಹಾಗೆ ನಿಧಾನವಾಗಿ ಅಗಿದಳು. ಅಳಿಯ ತಲೆ ತಗ್ಗಿಸಿ ಕಣ್ಣೊರೆಸಿಕೊಂಡ.

ಇನ್ನೊಂದು ತುಂಡು ಎತ್ತಿಕೊಂಡಾಗ ಶೋಭಾ ನೋವಾಗುತ್ತಿದೆಯೇ ಅಂತ ಕೇಳಿದಳು.

ಭಾಗ್ಯ ಮೊದಲು ನನ್ನ ಮುಖ ನೋಡಿದಳು. ಆಮೇಲೆ ಇಲ್ಲ ಅಂದಳು.

ಆ 'ಇಲ್ಲ' ನಿಜವಾದದ್ದೋ, ನನಗೋಸ್ಕರ ಹೇಳಿದ್ದೋ?